ಬಾಗಿಲಾಚೆ ನಿಂತಿದ್ದ ಮಾಂದರ್
(ಪಂಚಾಶತ್ತಮ ಹಬ್ಬದ ಚಿಂತನೆ)



ಪಂಚಾಶತ್ತಮ ಹಬ್ಬದಂದು ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯವನ್ನು ಓದುವಾಗ ನಮ್ಮ ಕಣ್ಣು ಮೊದಲು ಹೋಗುವುದು ಬೆಂಕಿಯ ನಾಲಗೆಗಳ ಕಡೆಗೆ. ಚಿತ್ರಕಾರರು ಅದನ್ನೇ ಬಿಡಿಸಿದ್ದಾರೆ, ಬೋಧಕರಾದ ನಾವೂ ಅದನ್ನೇ ಹೇಳುತ್ತಾ ಬಂದಿದ್ದೇವೆ. ಆದರೆ ಸಂತ ಲೂಕರು ಅದೇ ಕೆಲವು ವಾಕ್ಯಗಳಲ್ಲಿ ಇನ್ನೊಂದು ಮಾತನ್ನು ಒಂದಲ್ಲ, ಮೂರು ಬಾರಿ ಹೇಳುತ್ತಾರೆ. ನೆರೆದ ಜನರು ತಂತಮ್ಮ ಹುಟ್ಟುಭಾಷೆಯಲ್ಲಿ ಅದನ್ನು ಕೇಳಿಸಿಕೊಂಡರು ಎಂಬುದೇ ಆ ಮಾತು. ಪವಿತ್ರಾತ್ಮರ ಅದ್ಭುತ ಪ್ರೇಷಿತರ ನಾಲಗೆಯಲ್ಲಿ ಆರಂಭವಾಯಿತು ನಿಜ, ಅದು ಪೂರ್ಣವಾದದ್ದು ಮಾತ್ರ ಕೇಳುವವರ ಕಿವಿಯಲ್ಲಿ.

ಶುಭಸಂದೇಶವನ್ನು ಸಾರುವವನಿಗೆ ನಾಲಗೆಗಿಂತ ಮೊದಲು ಕಿವಿ ಬೇಕು. ಈ ಸತ್ಯವನ್ನು ಧರ್ಮಸಭೆ ಬಹಳ ಕಷ್ಟಪಟ್ಟು ಕಲಿತ ಒಂದು ನಾಡು ನಮ್ಮ ದೇಶದಲ್ಲೇ ಇದೆ. ಅದು ಇಂದಿನ ಜಾರ್ಖಂಡ್ ರಾಜ್ಯದ ಛೋಟಾನಾಗ್ಪುರ. ಮುಂಡಾ, ಉರಾಂವ್, ಖರಿಯಾ ಮುಂತಾದ ಆದಿವಾಸಿ ಜನರ ನಾಡು.

ಆ ನಾಡಿನ ಪರಿಚಯ ನನಗಾದದ್ದು ಬೆಂಗಳೂರಿನಲ್ಲಿ ದೈವಶಾಸ್ತ್ರ ಓದುತ್ತಿದ್ದಾಗ. ನನ್ನ ಸಹಪಾಠಿಯೊಬ್ಬ ಗುಮ್ಲಾ ಜಿಲ್ಲೆಯ ಉರಾಂವ್ ಯುವಕ. ಅವನ ಮಾತೃಭಾಷೆ ಕುರುಖ್. ಒಂದು ಸಂಜೆ ನಾನು ಕನ್ನಡದಲ್ಲಿ ‘ಕಣ್ಣು’ ಎಂದೆ, ಅವನು ‘ಖನ್’ ಎಂದ. ನಾನು ‘ಹಲ್ಲು’ ಎಂದೆ, ಅವನು ‘ಪಲ್’ ಎಂದ. ನಮ್ಮ ಹಳಗನ್ನಡದ ‘ಪಲ್’ ನೆನಪಾಗಿ ಬೆರಗಾದೆ. ನಮ್ಮ ‘ನೀನು’ ಅವರಲ್ಲಿ ‘ನೀನ್’. ‘ಏನ್’ ಎಂದರೆ ಮಾತ್ರ ಅವರಿಗೆ ‘ನಾನು’ ಎಂದರ್ಥ! ಕುರುಖ್ ಕೂಡ ಕನ್ನಡದಂತೆಯೇ ಒಂದು ದ್ರಾವಿಡ ಭಾಷೆ. ಸಾವಿರ ಮೈಲಿ ದೂರದ ಕಾಡಿನಲ್ಲಿ ನಮಗೊಬ್ಬ ಒಡಹುಟ್ಟಿದವನಿದ್ದಾನೆಂದು ನನಗೆ ಅಂದು ಅನ್ನಿಸಿತು.

ಛೋಟಾನಾಗ್ಪುರಕ್ಕೆ ಶುಭಸಂದೇಶವನ್ನು ಮೊದಲು ತಂದವರು ನಾವಲ್ಲ. ಜರ್ಮನಿಯ ಗಾಸ್ನರ್ ಲೂಥರನ್ ಮಿಷನರಿಗಳು 1845ರಲ್ಲೇ ರಾಂಚಿಗೆ ಬಂದಿದ್ದರು. ಅವರಲ್ಲಿ ನೊಟ್ರೊಟ್ ಎಂಬವರು ಮುಂಡಾರಿ ಭಾಷೆಯ ವ್ಯಾಕರಣ ಬರೆದರು, ಬೈಬಲನ್ನು ಆ ಭಾಷೆಗೆ ತಂದರು. ಬೆಲ್ಜಿಯಂನ ಯೇಸುಸಭೆಯ ಗುರುಗಳು ಬಂದದ್ದು 1860ರ ದಶಕದ ಕೊನೆಯಲ್ಲಿ. ಮೊದಲ ಹದಿನೈದು ವರ್ಷ ಅವರ ಕೆಲಸ ನಿಧಾನವಾಗಿಯೇ ಸಾಗಿತ್ತು.

1885ರಲ್ಲಿ ಕಾನ್‌ಸ್ಟಂಟ್ ಲೀವೆನ್ಸ್ ಎಂಬ ಇಪ್ಪತ್ತೊಂಬತ್ತರ ಯುವ ಗುರು ತೋರ್ಪಾ ಎಂಬ ಊರಿಗೆ ಬಂದರು. ಅವರು ಮುಂಡಾರಿ ಕಲಿತು ಹಳ್ಳಿ ಹಳ್ಳಿ ಸುತ್ತಿದರು. ಆಗ ಅವರ ಕಿವಿಗೆ ಬಿದ್ದದ್ದು ಧರ್ಮದ ಕುರಿತ ಪ್ರಶ್ನೆಗಳಲ್ಲ, ನೆಲದ ಅಳಲು. ಕಾಡು ಕಡಿದು ಹೊಲ ಮಾಡಿದವರು ಆದಿವಾಸಿಗಳು, ಆ ಹೊಲದ ಒಡೆಯರೆಂದು ಕಾಗದ ಹಿಡಿದವರು ಹೊರಗಿನ ಜಮೀನ್ದಾರರು ಮತ್ತು ಗುತ್ತಿಗೆದಾರರು. ಕಂದಾಯದ ಮೇಲೆ ಕಂದಾಯ, ಜೊತೆಗೆ ಬಿಟ್ಟಿ ದುಡಿಮೆ. ನ್ಯಾಯಾಲಯಕ್ಕೆ ಹೋದರೆ ಅಲ್ಲಿನ ಭಾಷೆ ಅವರಿಗೆ ತಿಳಿಯದು, ಅವರ ಭಾಷೆ ನ್ಯಾಯಾಧೀಶರಿಗೆ ತಿಳಿಯದು.

ಲೀವೆನ್ಸ್ ಗುರುಗಳು ಭೂಕಾನೂನಿನ ಪುಸ್ತಕಗಳನ್ನು ಹಿಡಿದು ಕುಳಿತರು. ಜನರಿಗೆ ಸಲಹೆ ಕೊಟ್ಟರು, ಅವರ ಮೊಕದ್ದಮೆಗಳಿಗೆ ಬೆನ್ನಾಗಿ ನಿಂತರು. ತಮ್ಮ ಮಾತು ಅರ್ಥವಾಗುವ ಒಬ್ಬರು ಸಿಕ್ಕಿದರೆಂಬ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹರಡಿತು. ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಜನ ಧರ್ಮಸಭೆಯತ್ತ ಬಂದರು. ಕುದುರೆಯ ಮೇಲೆ ಹಗಲಿರುಳು ತಿರುಗಿದ ಆ ಗುರುವಿನ ಶ್ವಾಸಕೋಶ ಕ್ಷಯಕ್ಕೆ ತುತ್ತಾಯಿತು. 1892ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1893ರ ನವೆಂಬರ್ 7ರಂದು ಲೂವೆನ್ ನಗರದಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ ಮೂವತ್ತೇಳು ವರ್ಷ. ನೂರು ವರ್ಷಗಳ ನಂತರ, 1993ರಲ್ಲಿ, ಆ ಜನ ಅವರ ಅವಶೇಷಗಳನ್ನು ರಾಂಚಿಗೆ ತರಿಸಿಕೊಂಡರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಮಗೆ ಹಿತವಾಗಿರುತ್ತದೆ. ಆದರೆ ಇತಿಹಾಸ ಅಲ್ಲಿಗೆ ನಿಲ್ಲಲಿಲ್ಲ. ಲೀವೆನ್ಸರು ಹೋದ ಮೇಲೆ ಬಂದವರಲ್ಲಿ ಅನೇಕರು ಹಿಂದಿರುಗಿಯೂ ಹೋದರು. ನೆಲ ಉಳಿಯುತ್ತದೆಂದು ಬಂದವರಿಗೆ ನೆಲ ಉಳಿಯದಾಗ ನಂಬಿಕೆಯೂ ಅಲುಗಾಡಿತು. ಚಾಯಿಬಾಸಾದ ಮಿಷನ್ ಶಾಲೆಯಲ್ಲಿ ಓದಿದ್ದ ಬಿರ್ಸಾ ಮುಂಡಾ ಎಂಬ ತರುಣನಿಗೆ ಮಿಷನರಿಯೂ ಸರ್ಕಾರಿ ಅಧಿಕಾರಿಯೂ ಒಂದೇ ಎಂದು ತೋರಿತು. 1899ರಲ್ಲಿ ಅವನ ಮುಂದಾಳತ್ವದಲ್ಲಿ ‘ಉಲ್ಗುಲಾನ್’ ಎಂಬ ಮಹಾ ಬಂಡಾಯ ಎದ್ದಿತು. ಆ ವರ್ಷದ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಸರ್ವಾದಾ ಎಂಬಲ್ಲಿನ ನಮ್ಮ ಮಿಷನ್ ಕೇಂದ್ರದ ಮೇಲೂ ಬಾಣಗಳು ಬಿದ್ದವು. ಬಂಡಾಯವನ್ನು ಸರ್ಕಾರ ಗುಂಡಿನಿಂದ ಅಡಗಿಸಿತು. 1900ರ ಜೂನ್ 9ರಂದು ಬಿರ್ಸಾ ರಾಂಚಿಯ ಸೆರೆಮನೆಯಲ್ಲಿ ಪ್ರಾಣಬಿಟ್ಟ. ಅವನಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ.

ಆ ರಾತ್ರಿ ಸರ್ವಾದಾದಲ್ಲಿದ್ದ ಗುರುಗಳ ಹೆಸರು ಜಾನ್ ಹಾಫ್‌ಮನ್. ಜರ್ಮನ್ ಮೂಲದ ಯೇಸುಸಭೆಯವರು. ತನ್ನ ಮನೆಗೆ ಬಾಣ ಬಿಟ್ಟವರ ಮೇಲೆ ಯಾರಿಗಾದರೂ ಸಿಟ್ಟು ಬರುವುದು ಸಹಜ. ಆದರೆ ಹಾಫ್‌ಮನ್ನರು ಆ ಬಾಣದಲ್ಲೂ ಒಂದು ಮಾತನ್ನು ಕೇಳಿಸಿಕೊಂಡರೆಂದು ಅವರ ಮುಂದಿನ ಬದುಕೇ ಹೇಳುತ್ತದೆ. 1903ರಲ್ಲಿ ಅವರ ಮುಂಡಾರಿ ವ್ಯಾಕರಣ ಪ್ರಕಟವಾಯಿತು. ಮುಂಡಾ ಜನರ ಭೂಪದ್ಧತಿಯನ್ನು ಅವರು ಕೂಲಂಕಷವಾಗಿ ಬರೆದರು. ಕಾಡು ಕಡಿದು ಊರು ಕಟ್ಟಿದ ಮೂಲಪುರುಷರ ಸಂತಾನವೇ ಆ ಊರಿನ ನೆಲಕ್ಕೆ ಒಟ್ಟಾಗಿ ಹಕ್ಕುದಾರರು ಎಂಬುದು ಆ ಪದ್ಧತಿ. ಅದರ ಹೆಸರು ‘ಖುಂಟ್‌ಕಟ್ಟಿ’. ಅವರ ಹಿರಿಯರ ಸಮಾಧಿಯ ಮೇಲಿನ ಹಾಸುಗಲ್ಲುಗಳೇ ಅವರ ಹಕ್ಕುಪತ್ರ. ಕಾಗದ ಓದಲು ಬಲ್ಲ ಸರ್ಕಾರಕ್ಕೆ ಕಲ್ಲು ಓದಲು ಬರುತ್ತಿರಲಿಲ್ಲ. ಕಲ್ಲಿನ ಮಾತನ್ನು ಕಾಗದಕ್ಕೆ ಇಳಿಸಲು ಹಾಫ್‌ಮನ್ನರು ನೆರವಾದರು. 1908ರ ಛೋಟಾನಾಗ್ಪುರ ಗೇಣಿ ಕಾಯಿದೆ ಖುಂಟ್‌ಕಟ್ಟಿ ಹಕ್ಕನ್ನು ಒಪ್ಪಿಕೊಂಡಿತು, ಆದಿವಾಸಿಗಳ ನೆಲ ಪರರ ಪಾಲಾಗದಂತೆ ತಡೆ ಹಾಕಿತು. ಆ ಕಾಯಿದೆಯ ಹಿಂದೆ ಬಿರ್ಸಾನ ರಕ್ತವೂ ಇದೆ, ಹಾಫ್‌ಮನ್ನರ ಶಾಯಿಯೂ ಇದೆ. ಮರುವರ್ಷ ಸಾಲದ ಶೂಲದಿಂದ ಜನರನ್ನು ಬಿಡಿಸಲು ಅವರು ಒಂದು ಸಹಕಾರಿ ಪತ್ತಿನ ಸಂಘವನ್ನೂ ಕಟ್ಟಿದರು.

1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಜರ್ಮನ್ ಎಂಬ ಒಂದೇ ಕಾರಣಕ್ಕೆ ಅವರನ್ನು ದೇಶದಿಂದ ಹೊರಗೆ ಕಳಿಸಲಾಯಿತು. ಮತ್ತೆ ಅವರು ಛೋಟಾನಾಗ್ಪುರವನ್ನು ನೋಡಲಿಲ್ಲ. ಆದರೂ 1928ರಲ್ಲಿ ಕಣ್ಣು ಮುಚ್ಚುವವರೆಗೂ ಮುಂಡಾರಿ ಪದಗಳನ್ನೇ ಬರೆಯುತ್ತಿದ್ದರು. ಮುಂಡಾ ಜನರ ಬದುಕನ್ನು ಒಂದೊಂದೇ ಪದವಾಗಿ ಬಿಡಿಸಿ ಹೇಳುವ ಅವರ ‘ಎನ್‌ಸೈಕ್ಲೋಪೀಡಿಯಾ ಮುಂಡಾರಿಕಾ’ 1930ರಿಂದ ಮುಂದೆ ಸಂಪುಟ ಸಂಪುಟವಾಗಿ ಹೊರಬಂತು.

ಇಷ್ಟೆಲ್ಲ ಆದರೂ ಒಂದು ಬಾಗಿಲು ಮುಚ್ಚಿಯೇ ಇತ್ತು. ಅದು ದೇವಾಲಯದ ಬಾಗಿಲು. ಆದಿವಾಸಿ ಊರಿನ ನಡುವೆ ‘ಅಖಡಾ’ ಎಂಬ ಕುಣಿತದ ಬಯಲಿರುತ್ತದೆ. ಮಣ್ಣಿನ ಒಡಲಿನ ಮಾಂದರ್ ಎಂಬ ವಾದ್ಯ ಅಲ್ಲಿ ನುಡಿಯುತ್ತದೆ. ಕ್ರೈಸ್ತರಾದವರು ಅಖಡಾಕ್ಕೆ ಹೋಗಬಾರದೆಂದು ಮಿಷನರಿಗಳು ತಡೆದರು. ಕುಡಿತ, ಸ್ವೇಚ್ಛೆ, ಹಳೆಯ ಬಲಿಗಳು ಅದರೊಂದಿಗೆ ಬೆಸೆದುಕೊಂಡಿವೆ ಎಂಬುದು ಅವರ ಅಂಜಿಕೆ. ಅಂಜಿಕೆಗೆ ಕಾರಣವಿರಬಹುದು, ಆದರೆ ಬೆಲೆ ತೆತ್ತವರು ಜನ. 1907ರಲ್ಲಿ ಹಾಫ್‌ಮನ್ನರೇ ಮುಂಡಾ ಕಾವ್ಯ, ಸಂಗೀತ ಮತ್ತು ಕುಣಿತದ ಬಗ್ಗೆ ಒಂದು ವಿದ್ವತ್ಪೂರ್ಣ ಪ್ರಬಂಧವನ್ನು ಪ್ರಕಟಿಸಿದ್ದರು. ಹಾಡು ಪುಸ್ತಕದೊಳಗೆ ಬಂತು, ಪೂಜೆಯೊಳಗೆ ಬರಲಿಲ್ಲ. ಪೀಠದಲ್ಲಿ ಲತೀನ್ ನಡೆಯುತ್ತಿತ್ತು, ಮಾಂದರ್ ಬಾಗಿಲಾಚೆ ನಿಂತಿತ್ತು.

ಅವರನ್ನು ದೂರುವ ಮೊದಲು ನಮ್ಮ ಅಜ್ಜ ಅಜ್ಜಿಯರನ್ನೂ ನೆನೆಯೋಣ. ಪೀಠದಲ್ಲಿ ಗುರುಗಳು ಲತೀನಿನಲ್ಲಿ ಪೂಜೆ ಅರ್ಪಿಸುತ್ತಿದ್ದಾಗ ಅವರು ಮೊಣಕಾಲೂರಿ ಜಪಮಾಲೆ ಎಣಿಸುತ್ತಿದ್ದರು. ಅವರ ಭಕ್ತಿ ದೊಡ್ಡದು, ಆದರೆ ಪೂಜೆಯ ಮಾತು ಅವರ ಕಿವಿಗೆ ದಕ್ಕಿರಲಿಲ್ಲ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ದಸ್ತಾವೇಜು ಜನಭಾಷೆಗಳಿಗೆ ಪೀಠದ ದಾರಿ ತೆರೆಯಿತು. ಆಯಾ ಜನಾಂಗದ ಸಂಗೀತಕ್ಕೂ ಸಂಸ್ಕಾರಕ್ಕೂ ಗೌರವ ಸಲ್ಲಬೇಕೆಂದು ಹೇಳಿತು. ಇಲ್ಲಿ ಕನ್ನಡ ಪೀಠವನ್ನೇರಿದ ಆ ಹೊತ್ತಿನ ನಂತರವೇ ಅಲ್ಲಿ ಮಾಂದರ್ ಬಾಗಿಲು ದಾಟಿತು.

ನನ್ನ ಸಹಪಾಠಿಯ ಗುರುದೀಕ್ಷೆಗೆ ಹೋದಾಗ ಅದನ್ನು ಕಣ್ಣಾರೆ ಕಂಡೆ. ಅವರ ಪದ್ಧತಿಯಂತೆ ಬಂದವರ ಕೈತೊಳೆದು ಬರಮಾಡಿಕೊಂಡರು. ಕಾಣಿಕೆಗಳ ಮೆರವಣಿಗೆಯಲ್ಲಿ ಕೈಕೈ ಹೆಣೆದ ಹೆಂಗಸರು ಮಾಂದರ್ ಲಯಕ್ಕೆ ಹೆಜ್ಜೆ ಹಾಕುತ್ತಾ ಪೀಠದತ್ತ ಬಂದರು. ಆ ಜನರ ನಡುವಿನಿಂದಲೇ ಬಂದ ಟೆಲೆಸ್ಫೋರ್ ಟೊಪ್ಪೊ ಅವರು 2003ರಲ್ಲಿ ಏಷ್ಯಾದ ಮೊದಲ ಆದಿವಾಸಿ ಕಾರ್ಡಿನಲರಾದರು. 2023ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಆದರೂ ನನ್ನ ಗೆಳೆಯ ಅಂದು ಹೇಳಿದ ಮಾತು ಮರೆಯುವಂತಿಲ್ಲ. ಲತೀನ್ ಹೋದ ಜಾಗಕ್ಕೆ ಹೆಚ್ಚಿನ ಕಡೆ ಬಂದದ್ದು ಹಿಂದಿ, ತನ್ನ ಅಜ್ಜಿ ಅಳುವ ಭಾಷೆ ಇನ್ನೂ ಸರದಿಯಲ್ಲಿ ನಿಂತಿದೆ ಎಂದ. ದೊಡ್ಡ ಭಾಷೆಯೊಂದು ಹೋಗಿ ಮತ್ತೊಂದು ದೊಡ್ಡ ಭಾಷೆ ಬಂದರೆ ಚಿಕ್ಕವರ ಕಿವಿ ಬರಿದಾಗಿಯೇ ಉಳಿಯುತ್ತದೆ.

ಪ್ರಿಯರೇ, ಈ ಕಥೆಯನ್ನು ಇಂದು ಹೇಳಲು ಒಂದು ಕಾರಣವಿದೆ. ನಮ್ಮ ಮಲೆನಾಡಿನ ಕಾಫಿ ತೋಟಗಳಿಗೆ ಈಗ ಜಾರ್ಖಂಡಿನಿಂದ ಕೂಲಿಗೆ ಜನ ಬರುತ್ತಾರೆ. ನನ್ನ ಧರ್ಮಕೇಂದ್ರದಲ್ಲಿ ಭಾನುವಾರದ ಪೂಜೆಗೆ ಎಂಟು ಹತ್ತು ಮಂದಿ ಬಂದು ಹಿಂದಿನ ಗೋಡೆಗೆ ಆತು ನಿಲ್ಲುತ್ತಿದ್ದರು. ಪೂಜೆ ಮುಗಿದೊಡನೆ ಹೊರಟುಬಿಡುತ್ತಿದ್ದರು. ಕುರುಖ್ ಭಾಷೆಯ ನಾಲ್ಕು ಪದ ಕಲಿತು ಅಂದು ಹೆಮ್ಮೆಪಟ್ಟಿದ್ದ ನಾನು, ಆರು ತಿಂಗಳಾದರೂ ಅವರ ಮಾತು ಯಾವುದೆಂದು ಕೇಳಲಿಲ್ಲ. ಹಬ್ಬದ ಕೆಲಸ, ಲೆಕ್ಕಪತ್ರ ಎಂದು ನೆಪ ಹೇಳಿಕೊಂಡೆ. ಈ ಪ್ರಸಂಗಕ್ಕಾಗಿ ಲೀವೆನ್ಸರ ಕಥೆ ಬರೆಯಲು ಕುಳಿತಾಗ ನಾಚಿಕೆಯಾಯಿತು. ಮುಂದಿನ ಭಾನುವಾರ ಬಾಗಿಲಲ್ಲಿ ನಿಂತು ಒಬ್ಬ ಹೆಣ್ಣುಮಗಳಿಗೆ ‘ನೀನ್’ ಎಂದೆ, ಮುಂದಿನ ಪದ ನೆನಪಾಗಲಿಲ್ಲ. ಅಷ್ಟಕ್ಕೇ ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಅವರೆಲ್ಲ ಮಾತಾಡಿದರು. ಊರು, ಮಕ್ಕಳು, ಬಾಕಿ ಉಳಿದ ಕೂಲಿ, ಒಂದೊಂದಾಗಿ ಎಲ್ಲವೂ ಹೊರಬಂತು. ಆ ಕೂಲಿಯ ವಿಷಯವಾಗಿ ನಾನೀಗ ಓಡಾಡುತ್ತಿದ್ದೇನೆ.

ಈ ಪಂಚಾಶತ್ತಮ ಹಬ್ಬದಂದು ಪರಮಪ್ರಸಾದದ ನಂತರ ಅವರು ತಮ್ಮ ಭಾಷೆಯಲ್ಲಿ ಒಂದು ಹಾಡು ಹಾಡಲಿದ್ದಾರೆ. ಮಾಂದರ್ ಇಲ್ಲ, ಊರಿನಲ್ಲೇ ಬಿಟ್ಟು ಬಂದಿದ್ದಾರೆ. ಗಾಯನ ಮಂಡಳಿಯ ತಬಲಾ ಅವರ ಕೈಗೆ ಕೊಡುತ್ತೇವೆ. ನಿಮ್ಮ ಧರ್ಮಕೇಂದ್ರದಲ್ಲೂ ಹಿಂದಿನ ಗೋಡೆಗೆ ಆತು ನಿಂತವರು ಇರಬಹುದು. ಹಬ್ಬದ ದಿನ ಮನೆಗೆ ಹೊರಡುವ ಮುನ್ನ ಅವರ ಬಳಿಗೆ ಹೋಗಿ ಒಂದು ಮಾತು ಕೇಳಿ: ನಿಮ್ಮ ಮನೆಯಲ್ಲಿ ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತೀರಿ?

ಬೆಂಕಿಯ ನಾಲಗೆಗಳನ್ನು ಕಳಿಸಿದ ಪವಿತ್ರಾತ್ಮರು ನಮ್ಮ ಕಿವಿಗಳನ್ನೂ ತೆರೆಯಲಿ. ಆಮೆನ್.