ಯೂಜೆನ್ ಬಣ್ಣಗಾರಿಕೆ

ಕ್ರಿ. ಶ. 1683ರಲ್ಲಿ ಜಪಾನಿನ ಷೋಗುನ್ ತ್ಸುನಯೋಷಿಯ ಆಡಳಿತವು ಉಡುಪಿನ ಆಡಂಬರವನ್ನು ತಡೆಯುವುದಕ್ಕಾಗಿ ಒಂದು ಕಟ್ಟಳೆಯನ್ನು ಹೊರಡಿಸಿತು. ಸ್ತ್ರೀಯರ ಉಡುಗೆಯಲ್ಲಿ ಜರತಾರಿಯ ಕೆಲಸ, ಕಸೂತಿ, ಮೈತುಂಬ ಗಂಟು ಕಟ್ಟಿ ಅದ್ದಿ ತೆಗೆದ ಚುಕ್ಕೆಗಳು, ಈ ಮೂರೂ ಸಲ್ಲವೆಂಬುದು ಅದರ ಸಾರ. ಆದರೆ ಹಣವುಳ್ಳ ವರ್ತಕರ ಮನೆಗಳಲ್ಲಿ ಅಲಂಕಾರದ ಆಸೆಯು ಕಟ್ಟಳೆಯಿಂದ ಅಡಗೀತೆ? ಸೂಜಿಗೆ ತಡೆಯುಂಟಾದರೂ ಕುಂಚಕ್ಕೆ ತಡೆಯಿರಲಿಲ್ಲ.

ಆಗ ಕ್ಯೋಟೋ ನಗರದಲ್ಲಿ, ಚಿಯೋನ್-ಇನ್ ಎಂಬ ಬೌದ್ಧ ದೇವಾಲಯದ ಸಮೀಪದಲ್ಲಿ, ಮಿಯಜಾಕಿ ಯೂಜೆನ್ ಎಂಬ ಚಿತ್ರಕಾರನಿದ್ದನು. ಬೀಸಣಿಗೆಗಳ ಮೇಲೆ ಚಿತ್ರ ಬರೆಯುವುದು ಅವನ ವೃತ್ತಿ. 1682ರಲ್ಲಿ ಪ್ರಕಟವಾದ ಇಹಾರಾ ಸೈಕಾಕುವಿನ ಕಾದಂಬರಿಯಲ್ಲಿಯೇ ಅವನ ಬೀಸಣಿಗೆಗಳ ಪ್ರಸ್ತಾಪವಿರುವುದರಿಂದ ಅವನ ಖ್ಯಾತಿಯನ್ನು ಅಳೆಯಬಹುದು. ಅವನ ಬರವಣಿಗೆಯ ರೀತಿಯು ರೇಷ್ಮೆಗೂ ಇಳಿಯಿತು. 1688ರಲ್ಲಿ ಅವನ ಹೆಸರಿನಿಂದ ಉಡುಪಿನ ಮಾದರಿಗಳ ಪುಸ್ತಕವೊಂದು ಅಚ್ಚಾಯಿತು.

ಈ ಕೆಲಸದ ಕ್ರಮವು ತಾಳ್ಮೆಯದು. ಮೊದಲು ಒಂದು ಬಗೆಯ ನೀಲಿ ಹೂವಿನ ರಸದಿಂದ ರೇಷ್ಮೆಯ ಮೇಲೆ ಚಿತ್ರದ ಗೆರೆಗಳನ್ನೆಳೆಯುವರು. ಈ ರಸವು ನೀರು ತಗುಲಿದೊಡನೆ ಅಳಿದುಹೋಗತಕ್ಕದ್ದು. ಅನಂತರ ಅಂಟಕ್ಕಿಯ ಹಿಟ್ಟಿಗೆ ತೌಡನ್ನು ಬೆರೆಸಿ ಬೇಯಿಸಿದ ಸರಿಯನ್ನು ಕಾಗದದ ಕೊಳವೆಯಲ್ಲಿ ತುಂಬಿ, ಅದರ ತುದಿಯಿಂದ ದಾರದಷ್ಟು ಸಣ್ಣಗೆ ಆ ಗೆರೆಗಳ ಮೇಲೆ ಹಿಂಡುತ್ತ ಹೋಗುವರು. ಈ ಸರಿಯೇ ಬಣ್ಣಕ್ಕೆ ಕಟ್ಟಿದ ಬದು. ಬದು ಒಂದೆಡೆ ಹರಿದರೂ ಹೂವಿನ ಕೆಂಪು ಎಲೆಯ ಹಸುರಿನೊಳಗೆ ನುಗ್ಗುವುದು. ಬಳಿಕ ಕುಂಚದಿಂದ ಬಣ್ಣ ತುಂಬಿ, ಹಬೆಯಲ್ಲಿ ಬೇಯಿಸಿ, ಹರಿಯುವ ನೀರಿನಲ್ಲಿ ತೊಳೆದರೆ ಸರಿಯು ಕರಗಿ, ಅದಿದ್ದೆಡೆಯಲ್ಲಿ ಬಿಳಿಯ ಗೆರೆ ಮಾತ್ರ ಉಳಿಯುವುದು.

ಇದೆಲ್ಲವನ್ನೂ ಯೂಜೆನನೇ ಕಂಡುಹಿಡಿದನೆಂಬುದು ಬಹುಕಾಲದ ಪ್ರತೀತಿ. ಆದರೆ ಸರಿಯಿಂದ ಬಣ್ಣವನ್ನು ತಡೆಯುವ ಉಪಾಯವು ಅವನಿಗಿಂತ ಹಿಂದಿನದು. ಅವನು ಕೊಟ್ಟುದು ಚಿತ್ರವನ್ನು. ಸರಿ ಹಿಂಡಿದವರು, ಹಬೆ ಕೊಟ್ಟವರು, ಹೊಳೆಯಲ್ಲಿ ನಿಂತು ತೊಳೆದವರು ಬೇರೆ ಬೇರೆ ಕೈಗಳು. ಅವರಲ್ಲೊಬ್ಬರ ಹೆಸರೂ ಬಟ್ಟೆಗೆ ಅಂಟಲಿಲ್ಲ. ಕ್ಯೋಟೋವಿನಲ್ಲಿ ಇಂದಿಗೂ ಈ ಕೆಲಸಗಳು ಹಲವರಲ್ಲಿ ಹಂಚಿಹೋಗಿವೆ. ಕಾನಜಾವಾ ಪಟ್ಟಣದ ಕಾಗಾ ಸಂಪ್ರದಾಯದಲ್ಲಿ ಮಾತ್ರ ಒಬ್ಬನೇ ಕುಶಲಿಯು ಹೆಚ್ಚಿನ ಭಾಗವನ್ನು ತಾನೇ ನಿರ್ವಹಿಸುವುದುಂಟು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಸಾಯನಿಕ ಬಣ್ಣಗಳು ಬಂದುವು. ಬಣ್ಣವನ್ನು ಸರಿಯಲ್ಲಿಯೇ ಕಲಸಿ ಕೊರೆದ ಕಾಗದದ ಮೂಲಕ ಒತ್ತುವ ವಿಧಾನವನ್ನು ಕ್ಯೋಟೋವಿನ ಹಿರೋಸೆ ಜಿಸುಕೆ ರೂಢಿಗೆ ತಂದನು. ಬಟ್ಟೆ ಅಗ್ಗವಾಯಿತು, ಕೈಬರಹ ಹಿಂದೆ ಸರಿಯಿತು. 1955ರಲ್ಲಿ ಜಪಾನ್ ಸರ್ಕಾರವು ಕಾನಜಾವಾದ ಕಿಮುರಾ ಉಜನ್ನನನ್ನು ಯೂಜೆನ್ ಕಲೆಯ ಧಾರಕನೆಂದು ಗೌರವಿಸಿತು. ಇತ್ತ ಕಾಮೋ ಹೊಳೆಯಲ್ಲಿ ಉದ್ದುದ್ದದ ರೇಷ್ಮೆಯನ್ನು ತೇಲಬಿಟ್ಟು ತೊಳೆಯುವ ಪದ್ಧತಿಯು, ನೀರು ಕೆಡುವುದೆಂಬ ಕಾರಣದಿಂದ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಿಂತಿತು. ಸರಿಯನ್ನು ಈಗ ಕಾರ್ಖಾನೆಯ ತೊಟ್ಟಿಗಳಲ್ಲಿ ತೊಳೆಯುವರು.