ಬೆಳಕಿನ ಬಾಗಿಲ ಪರದೆ

ಛಾಯಾಚಿತ್ರದ ಚರಿತ್ರೆಯನ್ನು ಹೇಳುವವರು ಮಸೂರವನ್ನು ಕೊಂಡಾಡುತ್ತಾರೆ; ನಾನು ಅದರ ಹಿಂದಿನ ಕರಿಯ ಬಟ್ಟೆಯ ಮಾತನ್ನೆತ್ತುತ್ತೇನೆ. ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಜನರೆದುರಿಗೆ ಬಂತು. ಅದರ ಒಡಲಲ್ಲಿ ರಬ್ಬರ್ ಲೇಪಿಸಿದ ಎರಡು ಪರದೆಗಳು. ಮೊದಲನೆಯದು ಸರಿದು ಬೆಳಕಿಗೆ ದಾರಿ ಕೊಡುತ್ತದೆ. ಎರಡನೆಯದು ಬೆನ್ನಟ್ಟಿ ಬಂದು ಮುಚ್ಚುತ್ತದೆ. ನಡುವಣ ಸೀಳು ಕಿರಿದಾದಂತೆ ಬೆಳಕು ತಾಗುವ ಕಾಲ ಸೆಕೆಂಡಿನ 500ನೆಯ ಒಂದು ಭಾಗಕ್ಕಿಳಿಯುತ್ತದೆ.

ಹಲವು ಕ್ಯಾಮೆರಾಗಳಲ್ಲಿ ಈ ಬಟ್ಟೆ ರೇಷ್ಮೆಯದು. 1912ರಲ್ಲಿ ರೇಷ್ಮೆ ಕಾರ್ಖಾನೆ ಕಂಡ ಮೈಸೂರಿಗೆ ರೇಷ್ಮೆಯ ಬಾಳಿಕೆಯನ್ನು ಹೇಳಬೇಕಾಗಿಲ್ಲ. ಮುಪ್ಪಾಗಿ ಬಿರುಕು ಬಿಡುವುದು ಅದರ ಮೇಲಿನ ರಬ್ಬರು. ಮುಚ್ಚಳವಿಲ್ಲದೆ ಸೂರ್ಯನಿಗೆ ಮುಖಮಾಡಿಟ್ಟರೆ ಮಸೂರವೇ ಭೂತಗನ್ನಡಿಯಾಗಿ ಪರದೆಯನ್ನು ಸುಡುವುದೂ ಉಂಟು. ಸೂಜಿಮೊನೆಯಷ್ಟು ರಂಧ್ರ ಸಾಕು, ನುಸುಳಿದ ಬೆಳಕು ಮುದ್ರಿತ ಚಿತ್ರದಲ್ಲಿ ಬಿಳಿಯ ಚುಕ್ಕೆಯಾಗಿ ನಿಲ್ಲುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅಂಥ ಮುಖವೊಂದರ ಮೇಲೆ ಆ ಚುಕ್ಕೆ ಬಿದ್ದರೆ ಚರಿತ್ರೆಯ ಸಾಕ್ಷ್ಯವೇ ಕೆಟ್ಟಂತೆ.

ಸಣ್ಣ ರಂಧ್ರಕ್ಕೆ ರಬ್ಬರು ಬೆರೆತ ಕಪ್ಪು ಬಣ್ಣವನ್ನು ತೆಳುವಾಗಿ ಸವರಿದರಾಯಿತು. ದಪ್ಪ ತೇಪೆ ಉರುಳೆಗೆ ಸುತ್ತುವಾಗ ತೊಡಕಾಗಿ ಪರದೆಯ ಓಟವನ್ನು ಕೆಡಿಸುತ್ತದೆ. ಬಟ್ಟೆಯೇ ಗಡುಸಾಗಿದ್ದರೆ ಹಳೆಯ ಅಳತೆಗೆ ಹೊಸದನ್ನು ಕತ್ತರಿಸಿ, ಅಂಚು ಓರೆಯಾಗದಂತೆ ಅಂಟಿಸಿ, ಸ್ಪ್ರಿಂಗಿನ ಬಿಗಿಯನ್ನು ಮತ್ತೆ ಹೊಂದಿಸಬೇಕು.

ಹಳೆಯ ಕ್ಯಾಮೆರಾವನ್ನು ಗಾಜಿನ ಬೀರುವಿನಲ್ಲಿಟ್ಟು ಪೂಜಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ಪರದೆ ಓಡಬೇಕು. ಓಡಿಸಬಲ್ಲ ಕೈಗಳಿರುವಾಗಲೇ ಆ ವಿದ್ಯೆಯನ್ನು ನಾಲ್ವರು ಕಲಿತರೆ, ವಸ್ತುವಿನೊಡನೆ ಅದರ ಬಳಕೆಯೂ ಉಳಿದೀತು.