ಬೇಸಿಲ್ ಬ್ರಷ್: ಶನಿವಾರ ಸಂಜೆಯ ಮಾತುಗಾರ ನರಿ

ಈ ದೇಶಕ್ಕೆ ಬಂದ ಹೊಸತರಲ್ಲಿ, ವಯೋವೃದ್ಧರ ವಾರ್ಡೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಒಬ್ಬ ಹಿರಿಯ ರೋಗಿಯನ್ನು ನಾವು ತಪ್ಪಾಗಿ ತಿಳಿದುಕೊಂಡೆವು. ರಾತ್ರಿ ನಿದ್ರೆ ಹೇಗಿತ್ತೆಂದು ವಿಚಾರಿಸಿದರೆ, "ಹಾಸಿಗೆಗೆ ಚೆನ್ನಾಗಿ ನಿದ್ರೆ ಬಂತು ಡಾಕ್ಟರೇ, ನನಗೆ ಮಾತ್ರ ಬರಲಿಲ್ಲ" ಎಂದು, ಒಡನೆಯೇ ಗಟ್ಟಿ ದನಿಯಲ್ಲಿ "ಬೂಮ್ ಬೂಮ್!" ಎಂದರು. ಊಟದ ವಿಷಯಕ್ಕೂ ಅದೇ, ಔಷಧದ ವಿಷಯಕ್ಕೂ ಅದೇ. ಸೋಂಕು ತಗುಲಿದ ವೃದ್ಧರಲ್ಲಿ ತಟ್ಟನೆ ತಲೆದೋರುವ ಮತಿಗೊಂದಲವನ್ನು ಪುಸ್ತಕಗಳಲ್ಲಿ ಓದಿಕೊಂಡಿದ್ದ ನಾವು, ಇಂದಿನ ತಾರೀಖು ಯಾವುದು, ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ ಎಂದು ಗಂಭೀರವಾಗಿ ಪರೀಕ್ಷೆಗೆ ತೊಡಗಿದೆವು. ದಾದಿಯೊಬ್ಬರು ನಗು ತಡೆಯಲಾರದೆ ನಮ್ಮನ್ನು ಪಕ್ಕಕ್ಕೆ ಕರೆದು, "ಅದು ಬೇಸಿಲ್ ಬ್ರಷ್, ಡಾಕ್ಟರ್" ಎಂದರು. ಕಡತದಲ್ಲಿ 'ಗೊಂದಲ' ಎಂದು ಬರೆಯಲು ಪೆನ್ನು ತೆರೆದಾಗಿತ್ತು.

ಬೇಸಿಲ್ ಬ್ರಷ್ ಒಂದು ನರಿ. ಕೈಗವಸಿನಂತೆ ತೊಟ್ಟು ಆಡಿಸುವ ಬೊಂಬೆ. ಆದರೆ ಅವನ ಮಾತಿನ ಹಿಂದೆ ಈ ನಾಡಿನ ದೀರ್ಘವಾದ ಇತಿಹಾಸವೊಂದಿದೆ.

1662ರ ಮೇ 9ರಂದು ಸ್ಯಾಮ್ಯುಯೆಲ್ ಪೀಪ್ಸ್ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಇಟಲಿಯವರ ಬೊಂಬೆಯಾಟವನ್ನು ಕಂಡು ದಿನಚರಿಯಲ್ಲಿ ದಾಖಲಿಸಿದರು. ಆ ಇಟಲಿಯ ವಿದೂಷಕನೇ ಮುಂದೆ ಇಂಗ್ಲೆಂಡಿನ 'ಪಂಚ್' ಆದ. ಪಂಚ್‌ನ ಆಟದಲ್ಲಿ ಪ್ರಾಣಿಗಳೂ ಇದ್ದವು: ಮೊಸಳೆಯೊಂದು, ಕೊರಳಿಗೆ ನೆರಿಗೆಯ ಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದ ಟೋಬಿ ಎಂಬ ನಾಯಿಯೊಂದು. ಟೋಬಿ ಅನೇಕ ವೇಳೆ ಜೀವಂತ ನಾಯಿಯೇ. ಆದರೆ ಮಾತೆಲ್ಲ ಪಂಚ್‌ನದು.

ದೂರದರ್ಶನ ಬಂದಾಗಲೂ ಪ್ರಾಣಿಗಳು ಮೌನವಾಗಿಯೇ ಬಂದವು. 1946ರಲ್ಲಿ ಬಿಬಿಸಿಯಲ್ಲಿ ಕಾಣಿಸಿಕೊಂಡ ಮಫಿನ್ ಎಂಬ ಹೇಸರಗತ್ತೆ ಪಿಯಾನೊ ಮೇಲೆ ಕುಣಿಯುತ್ತಿತ್ತು, ಅಷ್ಟೆ. 1948ರಲ್ಲಿ ಹ್ಯಾರಿ ಕಾರ್ಬೆಟ್ ಬ್ಲ್ಯಾಕ್‌ಪೂಲ್‌ನ ಕಡಲತೀರದಲ್ಲಿ 7 ಷಿಲಿಂಗ್ 6 ಪೆನ್ಸ್ ಕೊಟ್ಟು ಕೊಂಡ ಕರಡಿಮರಿಯ ಬೊಂಬೆಯ ಕಿವಿಗಳಿಗೆ ಮಸಿ ಬಳಿದು 'ಸೂಟಿ' ಎಂದು ಹೆಸರಿಟ್ಟರು. ಸೂಟಿ ಕಾರ್ಬೆಟ್‌ರ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ, ನೋಡುವವರಿಗೆ ಕೇಳಿಸುತ್ತಿರಲಿಲ್ಲ. 1950ರ ದಶಕದಲ್ಲಿ ಟೆರಿ ಹಾಲ್ ಎಂಬ ಮಾತಾಡುವ ಬೊಂಬೆಯ ಕಲಾವಿದರು, ವಾಡಿಕೆಯ ಹುಡುಗನ ಬೊಂಬೆಯನ್ನು ಬಿಟ್ಟು ಲೆನ್ನಿ ಎಂಬ ಸಿಂಹವನ್ನು ಕೈಗೆತ್ತಿಕೊಂಡರು. ಸಿಂಹ ಮಾತನಾಡಿತು, ಆದರೆ ಬಹಳ ನಾಚಿಕೆಯ ಸಿಂಹ.

ನಾಚಿಕೆ ಬಿಟ್ಟು ಮಾತನಾಡಿದವನು ಬೇಸಿಲ್. 1960ರ ದಶಕದ ಆರಂಭದಲ್ಲಿ ಅವನನ್ನು ರೂಪಿಸಿದವರು ಪೀಟರ್ ಫರ್ಮಿನ್. ಕೈಯನ್ನೂ ಕಂಠವನ್ನೂ ಕೊಟ್ಟವರು ಐವನ್ ಓವನ್. ಮಾಯಾವಿದ್ಯೆಯ ಡೇವಿಡ್ ನಿಕ್ಸನ್ ಅವರ ಕಾರ್ಯಕ್ರಮದಲ್ಲಿ ಜೊತೆಗಾರನಾಗಿ ಬಂದ ನರಿ ಜನರ ಮನಸ್ಸನ್ನು ಎಷ್ಟು ಗೆದ್ದಿತೆಂದರೆ, 1968ರಲ್ಲಿ ಬಿಬಿಸಿ ಅವನಿಗೇ ಒಂದು ಕಾರ್ಯಕ್ರಮ ಕೊಟ್ಟಿತು. ಅದು 1980ರವರೆಗೆ ನಡೆಯಿತು.

ಅವನ ದನಿ ಟೆರಿ-ಥಾಮಸ್ ಎಂಬ ಹಾಸ್ಯನಟರ ದನಿಯ ನೆರಳು. ಮೈಮೇಲೆ ಸಿರಿವಂತರ ಕೋಟು. ಇಲ್ಲೊಂದು ಸ್ವಾರಸ್ಯವಿದೆ. ಕುದುರೆಯೇರಿ ನಾಯಿಗಳೊಡನೆ ನರಿಯನ್ನು ಅಟ್ಟುವುದು ಇಲ್ಲಿನ ಜಮೀನ್ದಾರರ ಹಳೆಯ ಬೇಟೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನು ನಿಷೇಧಿಸಿದ್ದು 2004ರ ಕಾಯಿದೆ. ಬೇಟೆಯವರ ಭಾಷೆಯಲ್ಲಿ 'ಬ್ರಷ್' ಎಂದರೆ ನರಿಯ ಬಾಲ, ಗೆಲುವಿನ ಗುರುತಾಗಿ ಕತ್ತರಿಸಿ ಒಯ್ಯುತ್ತಿದ್ದ ವಸ್ತು. ಆ ಹೆಸರನ್ನೇ ಹೊತ್ತ ನರಿಯು ಬೇಟೆಗಾರನ ಉಡುಪು ತೊಟ್ಟು, ಅವನ ಠೀವಿಯಲ್ಲೇ ಮಾತನಾಡಿ ಮನೆಮಂದಿಯನ್ನೆಲ್ಲ ನಗಿಸಿತು. ಮಕ್ಕಳಿಗೆ ಇದು ತಿಳಿಯದು. ಹಿಂದೆ ಕುಳಿತ ತಂದೆತಾಯಿಯರಿಗೆ ತಿಳಿಯುತ್ತಿತ್ತೆಂದು ನಮ್ಮ ಊಹೆ.

ಪಕ್ಕದಲ್ಲಿ ಕೂರುವ ಮನುಷ್ಯನಿಲ್ಲದೆ ಈ ಹಾಸ್ಯ ನಿಲ್ಲದು. ಮೊದಲು ರಾಡ್ನಿ ಬ್ಯೂಸ್, 1969ರಿಂದ 1973ರವರೆಗೆ ಡೆರೆಕ್ ಫೌಲ್ಡ್ಸ್, ಆಮೇಲೆ ಇತರರು. ನರಿಯ ಬಾಯಲ್ಲಿ ಅವರು 'ಮಿಸ್ಟರ್ ರಾಡ್ನಿ', 'ಮಿಸ್ಟರ್ ಡೆರೆಕ್'. ಸಂಬೋಧನೆಯಲ್ಲಿ ಪೂರ್ಣ ಗೌರವ, ಉಳಿದದ್ದರಲ್ಲಿ ಕಿಂಚಿತ್ತೂ ಇಲ್ಲ. ಕೊನೆಗೆ ಮಿಸ್ಟರ್ ಡೆರೆಕ್ ಕಥೆಯೊಂದನ್ನು ಓದಲು ಕೂತರೆ ಬೇಸಿಲ್ ಸಾಲುಸಾಲಿಗೂ ಬಾಯಿ ಹಾಕುವನು. ಪುರಾಣಕಥೆಯ ನಡುವೆ ನುಗ್ಗಿ ನಗಿಸುವ ನಮ್ಮ ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನನ್ನು ಬಲ್ಲವರಿಗೆ ಈ ತಂತ್ರ ಹೊಸತಲ್ಲ. ಫೌಲ್ಡ್ಸ್ ಮುಂದೆ 1980ರಲ್ಲಿ 'ಯೆಸ್ ಮಿನಿಸ್ಟರ್' ಧಾರಾವಾಹಿಯಲ್ಲಿ ಮಂತ್ರಿಗೂ ಕಾರ್ಯದರ್ಶಿಗೂ ನಡುವೆ ಸಿಕ್ಕಿಬೀಳುವ ಬರ್ನಾರ್ಡ್ ಆದರು. ನರಿಯ ಪಕ್ಕದಲ್ಲಿ ಕಳೆದ ವರ್ಷಗಳು ಅವರಿಗೆ ಒಳ್ಳೆಯ ತರಬೇತಿಯಾಗಿರಬೇಕು.

ಇಷ್ಟೆಲ್ಲದರಲ್ಲಿ ಕಾಣದವರು ಓವನ್. ಮೇಜಿನ ಕೆಳಗೆ ಮುದುಡಿ ಕುಳಿತು, ತೋಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದೇ ಮಾತನಾಡಬೇಕು, ನಗಬೇಕು. ಹೀಗೆ ಹತ್ತು ನಿಮಿಷ ನಿಂತು ನೋಡಿ. ಭುಜದ ನೋವಿಗೆ ನಮ್ಮಂಥವರ ಬಳಿಗೇ ಬರುವಿರಿ. ಅವರು ಪ್ರಚಾರಕ್ಕೆ ಒಪ್ಪಲಿಲ್ಲ, ಜನರ ಮುಂದೆ ತಾವಾಗಿ ಕಾಣಿಸಿಕೊಳ್ಳಲಿಲ್ಲ. ತಮ್ಮ ಮುಖ ಕಂಡರೆ ನರಿ ಬೊಂಬೆಯಾಗಿಬಿಡುತ್ತದೆಂಬುದು ಅವರ ನಿಲುವು. 2000ದ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ, ನರಿಯನ್ನು ಬಲ್ಲ ಬಹುಜನರಿಗೆ ಅವರ ಹೆಸರೇ ಹೊಸದಾಗಿತ್ತು. 2002ರಲ್ಲಿ ಬೇಸಿಲ್ ಬೇರೊಂದು ಕೈಯ ಮೇಲೆ ಮತ್ತೆ ಬಂದ. ಬೂಮ್ ಬೂಮ್ ಹಾಗೆಯೇ ಇತ್ತು.

ದಾದಿ ಹೇಳಿದ ಆ ಸಂಜೆ ನಾವು ಮನೆಯಲ್ಲಿ ಹಳೆಯ ದೃಶ್ಯಗಳನ್ನು ಹುಡುಕಿ ನೋಡಿದೆವು. ಅರ್ಧ ಹಾಸ್ಯ ತಿಳಿಯಲಿಲ್ಲ, ಆದರೂ ನಕ್ಕೆವು. ಮರುದಿನ ವಾರ್ಡಿಗೆ ಹೋದಾಗ ಆ ಹಿರಿಯರು ಮಕ್ಕಳ ಮಾತೆತ್ತಿದರು: ಶನಿವಾರ ಸಂಜೆ ಇಬ್ಬರೂ ಮಕ್ಕಳು ಅಕ್ಕಪಕ್ಕ ಕುಳಿತು, ನರಿ ಹೇಳುವ ಮೊದಲೇ ತಾವೇ ಕೂಗುತ್ತಿದ್ದರಂತೆ. ಬಳಿಕ ನಮ್ಮ ಸ್ಟೆತಾಸ್ಕೋಪನ್ನು ನೋಡಿ, "ಎದೆಯೊಳಗೆ ಏನು ಕೇಳಿಸುತ್ತಿದೆ?" ಎಂದು ಪ್ರಶ್ನಿಸಿದರು.

"ಬೂಮ್ ಬೂಮ್" ಎಂದೆವು.